ನಾಬಿನ ಮೇಲೆ ಸುಳ್ಳು ಕೇಸು

ಆಟೋಮ್ಯಾಟಿಕ್ ಕಾರು 'ಪಿ' ಎಂಬ ಪಾರ್ಕಿಂಗ್ ಗೇರಿನಲ್ಲಿ ಕಚ್ಚಿಕೊಂಡು ಕೂತರೆ ಮೊದಲ ಬೈಗುಳ ಬೀಳುವುದು ಗೇರಿನ ನಾಬಿಗೆ. ಅದು ಮಾಡಿದ ತಪ್ಪಿಗಲ್ಲ, ಕುಳಿತ ಜಾಗಕ್ಕೆ. ಫ್ಯೂಸು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ, ಬ್ರೇಕ್ ಸ್ವಿಚ್ಚು ಪೆಡಲಿನ ಮೇಲಿನ ಕತ್ತಲಲ್ಲಿ. ಸೊಲೆನಾಯ್ಡ್ ಎಂಬುದೊಂದು ಕಾರಿನಲ್ಲಿದೆ ಎಂಬ ಸಂಗತಿ ಮಾಲೀಕರಿಗೆ ಬಿಲ್ ಬಂದ ದಿನವೇ ಗೊತ್ತಾಗುವುದು. ನಾಬೊಂದೇ ಪಾಪ ಅಂಗೈಗೆ ಸಿಗುತ್ತದೆ. ಸಿಕ್ಕವನೇ ಕಳ್ಳ ಎನ್ನುವ ಈ ನ್ಯಾಯಾಲಯದಲ್ಲಿ ವಿಚಾರಣೆ ಮುಗಿಯುವ ಮೊದಲೇ 'ಪೂರಾ ಸೆಟ್ಟೇ ಬದಲಿ ಮಾಡಬೇಕ್ರಿ' ಎಂಬ ತೀರ್ಪು ಹೊರಬೀಳುತ್ತದೆ. ನನ್ನ ವಾದ ಇಷ್ಟೆ: ನಾಬಿನ ಮೇಲೆ ದಾಖಲಾಗುವ ಕೇಸುಗಳಲ್ಲಿ ಎಷ್ಟೋ ಸುಳ್ಳು. ತನಿಖೆ ಕೈಯಿಂದಲ್ಲ, ಕಾಲಿನಿಂದ ಶುರುವಾಗಬೇಕು. ಆ ತನಿಖೆಗೆ ತಾಲೂಕು ಊರಿನ ಮಿಸ್ತ್ರಿ ಸಾಕು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಆಟೋಮ್ಯಾಟಿಕ್ ಕಾರು ಯಾರ ಹತ್ತಿರ ಇದೆ ಎಂದು ಕೇಳುವವರಿದ್ದಾರೆ. ಅವರ ಲೆಕ್ಕ ಹಳೆಯದು. 2014ರಲ್ಲಿ ಮಾರುತಿಯ ಸೆಲೆರಿಯೋ ಕಡಿಮೆ ಬೆಲೆಯ ಎಎಂಟಿ ಗೇರು ಹೊತ್ತು ಬಂದಮೇಲೆ ಕ್ಲಚ್ಚಿಲ್ಲದ ಕಾರು ಸಾಹುಕಾರರ ಸೊತ್ತಾಗಿ ಉಳಿದಿಲ್ಲ. ನಿವೃತ್ತ ಮಾಸ್ತರರು, ಮಂಡಿನೋವಿನ ವಕೀಲರು, ಬೆಂಗಳೂರಿನ ಮಗ ಹೊಸದು ಕೊಂಡು ಹಳೆಯದನ್ನು ಊರಿಗೆ ಕಳಿಸಿದ ತಂದೆತಾಯಿ, ಎಲ್ಲರೂ ಗಿರಾಕಿಗಳೇ. ಕಾಯಕದ ಮಹಿಮೆ ಸಾರಿದ ಬಸವಣ್ಣ ಹುಟ್ಟಿದ ಊರಿನಲ್ಲೇ ಇಷ್ಟೊಂದು ಎಡಗಾಲುಗಳು ಕೆಲಸವಿಲ್ಲದೆ ಕೂತಿರುವುದು ಬೇರೆಯೇ ಚರ್ಚೆಯ ವಿಷಯ. ಇಲ್ಲಿನ ನಿಜವಾದ ತೊಡಕು ಕಾರು ಕೆಟ್ಟ ದಿನದ್ದು. ಹಳೆಯ ಕಾರು ನಿಂತರೆ ಚಹಾದಂಗಡಿಯ ಮುಂದಿನ ನಾಲ್ವರು ಎದ್ದು ಬಂದು ದಬ್ಬುತ್ತಿದ್ದರು, ಸೆಕೆಂಡ್ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಮುಗಿಯಿತು. 'ಪಿ'ಯಲ್ಲಿ ಸಿಕ್ಕಿಕೊಂಡ ಕಾರಿನ ಚಕ್ರಕ್ಕೆ ಗೇರ್‌ಬಾಕ್ಸಿನ ಒಳಗಿನ ಕೊಂಡಿಯೇ ಬೀಗ ಹಾಕಿರುತ್ತದೆ. ನಾಲ್ವರಲ್ಲ, ಇಡೀ ಸಂತೆ ಬಂದು ದಬ್ಬಿದರೂ ಅದು ಉರುಳದು. ಕಾರು ಬಿಟ್ಟು ರೈಲು ಹತ್ತೋಣವೆಂದರೆ ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಉಳಿದೆರಡಕ್ಕೆ ಇರುವುದು 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್'. ಹೆಸರಿನಲ್ಲಿ ರೋಡ್ ಇರುವ ಸ್ಟೇಷನ್ನಿಗೆ ಹೋಗಬೇಕಾದರೆ ಮೊದಲು ಒಂದು ಕಾರು ಬೇಕು.

ಇನ್ನು ತನಿಖೆ. ಪಿ, ಆರ್, ಎನ್, ಡಿ ಎಂದು ಬರೆದಿರುವ ಸಾಮಾನ್ಯ ಆಟೋಮ್ಯಾಟಿಕ್ ಕಾರಿನಲ್ಲಿ 'ಪಿ'ಯಿಂದ ಲಿವರ್ ಕದಲಬೇಕಾದರೆ ಇಬ್ಬರ ಒಪ್ಪಿಗೆ ಬೇಕು. ನಾಬಿನ ಗುಂಡಿ ಒತ್ತಿದಾಗ ಲಿವರಿನ ಕೊಳವೆಯೊಳಗಿನ ಸರಳು ಸ್ಪ್ರಿಂಗಿಗೆ ಎದುರಾಗಿ ಸರಿದು, ಕೆಳಗಿನ ಹಲ್ಲುಪಟ್ಟಿಯ ಕಚ್ಚಿನಿಂದ ಪಿನ್ನನ್ನು ಬಿಡಿಸುತ್ತದೆ. ಅದು ಹೆಬ್ಬೆರಳಿನ ಒಪ್ಪಿಗೆ. ಇನ್ನೊಂದು ಪಾದದ್ದು: ಇಗ್ನಿಷನ್ ಆನ್ ಮಾಡಿ ಬ್ರೇಕ್ ತುಳಿದರೆ ಪೆಡಲಿನ ಮೇಲಿನ ಸ್ವಿಚ್ಚು ಸುದ್ದಿ ಮುಟ್ಟಿಸುತ್ತದೆ, ಲಿವರಿನ ಬುಡದಲ್ಲಿರುವ ಸೊಲೆನಾಯ್ಡ್ 'ಟಿಕ್' ಎಂದು ಬೀಗ ತೆಗೆಯುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಬೇಕು. ಬ್ರೇಕ್ ದೀಪ ಹತ್ತದಿದ್ದರೆ ನಾಬಿಗೆ ಅಲ್ಲಿಯೇ ಜಾಮೀನು. ಹಿಡಿಯಬೇಕಾದದ್ದು ಫ್ಯೂಸನ್ನೋ ಪೆಡಲಿನ ಸ್ವಿಚ್ಚನ್ನೋ. ದೀಪ ಹತ್ತಿ, 'ಟಿಕ್' ಎಂಬ ಸದ್ದೂ ಕೇಳಿ, ಗುಂಡಿ ಮಾತ್ರ ಸಡಿಲವಾಗಿ ಒಳಗೆ ಹೋಗಿ ಏನನ್ನೂ ತಳ್ಳದೆ ವಾಪಸು ಬಂದರೆ ಆಗ ನಾಬನ್ನು ಕಟಕಟೆಗೆ ಕರೆಯಬಹುದು. ಗುಂಡಿಯ ಹಿಂದಿನ ಪ್ಲಾಸ್ಟಿಕ್ ನಾಲಗೆ ಸವೆದಿರುತ್ತದೆ ಇಲ್ಲವೇ ಮುರಿದಿರುತ್ತದೆ. ಗುಂಡಿ ಒಳಗೆ ಹೋದದ್ದು ಹೊರಗೆ ಬರದಿದ್ದರೆ ಅಪರಾಧಿ ಹೆಚ್ಚಾಗಿ ಅಂಟು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ನಿಂತ ಕಾರು, ಒಣಗಿದ ಗ್ರೀಸು, ಯರಿ ಹೊಲದ ಧೂಳು, ಅದರ ಮೇಲೆ ತುಳುಕಿದ ಲಿಂಬು ಶರಬತ್ತು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮೆಣಸಿನಕಾಯಿಯ ಜೊತೆ ಬಂಪರಿಗೆ ಕಟ್ಟಿದರೆ ಕಾರಿನ ದೃಷ್ಟಿ ತೆಗೆಯುವ ಜವಾಬ್ದಾರಿ ಅದು ಹೊತ್ತೀತು. ಆದರೆ ಸಕ್ಕರೆ ಬೆರೆತು ನಾಬಿನೊಳಗೆ ಇಳಿದರೆ ಯಾವ ದೃಷ್ಟಿಗೂ ಕಡಿಮೆಯಲ್ಲ. ಎಎಂಟಿ ಕಾರುಗಳ ಕಥೆ ಬೇರೆ. ಹೆಚ್ಚಿನವುಗಳಲ್ಲಿ 'ಪಿ'ಯೇ ಇಲ್ಲ, ಲಿವರ್ ಬರೀ ಒಂದು ಸ್ವಿಚ್ಚು, ಗೇರು ಬದಲಿಸುವವರು ಕೆಳಗಿರುವ ಆಕ್ಚುಯೇಟರುಗಳು. ಅಲ್ಲಿ ನಾಬಿಗೆ ಶಿಕ್ಷೆ ಕೊಡುವುದೆಂದರೆ ಕರೆಂಟು ಹೋಯಿತೆಂದು ಗೋಡೆಯ ಸ್ವಿಚ್ಚಿಗೆ ಹೊಡೆದ ಹಾಗೆ.

ಇಷ್ಟು ತಿಳಿದ ಚುರುಕಿನ ಹುಡುಗರು ಒಂದು ಉಪಾಯ ಹೇಳುತ್ತಾರೆ: 'ಆ ಲಾಕೇ ತೆಗೆದು ಒಗದ್ರ ಆತಲ್ಲರಿ, ತ್ರಾಸೇ ಇಲ್ಲ.' ಇದು ಅಡ್ಡದಾರಿಯ ಪಾಂಡಿತ್ಯ. ಆ ಬೀಗ ಸುಮ್ಮನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆ ಎಂದು ದೊಡ್ಡ ಗದ್ದಲವಾಯಿತು, 1986ರಲ್ಲಿ ಟೀವಿಯ '60 ಮಿನಿಟ್ಸ್' ಕಾರ್ಯಕ್ರಮದಲ್ಲೂ ಬಂತು. 1989ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ವರದಿ ಕೊಟ್ಟಾಗ ಮುಖ್ಯ ಕಾರಣ ಕಾರಿನದಲ್ಲ, ಪಾದದ್ದು ಎಂದು ಗೊತ್ತಾಯಿತು: ಬ್ರೇಕ್ ಎಂದುಕೊಂಡು ತುಳಿದದ್ದು ಆಕ್ಸಿಲರೇಟರನ್ನು. ಅಷ್ಟರೊಳಗೆ ಆಡಿ ಕಂಪನಿ, ಬ್ರೇಕ್ ತುಳಿಯದೆ 'ಪಿ' ಬಿಡದ ಬೀಗವನ್ನು ಅಳವಡಿಸಿಯಾಗಿತ್ತು. ಅಂದರೆ ಅಲ್ಲಿಯೂ ಕೇಸು ಬಿದ್ದದ್ದು ಒಬ್ಬರ ಮೇಲೆ, ಕೆಲಸ ಮಾಡಿದ್ದು ಇನ್ನೊಬ್ಬರು. ಆ ಬೀಗ ಕಿತ್ತರೆ ಸೀಟಿನ ನಡುವೆ ಆಡುವ ಮೊಮ್ಮಗನ ಕೈಗೆ ಗೇರು ಒಪ್ಪಿಸಿದಂತೆ. ತುರ್ತಿಗೆಂದು ಅನೇಕ ಕಾರುಗಳಲ್ಲಿ ಲಿವರಿನ ಪಕ್ಕ ಪುಟ್ಟ ಮುಚ್ಚಳವಿರುತ್ತದೆ; ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ತುಳಿದು, ಒಳಗೆ ಕೀಲಿಯ ತುದಿ ಒತ್ತಿದರೆ ಸೊಲೆನಾಯ್ಡಿನ ಬೀಗ ಬಿಡುತ್ತದೆ. ಅದು ಗ್ಯಾರೇಜು ಮುಟ್ಟುವುದಕ್ಕೆ ಮಾತ್ರ, ಸಂಸಾರ ಮಾಡುವುದಕ್ಕಲ್ಲ.

ಕಂಪನಿಯವರ ಆಕ್ಷೇಪವನ್ನೂ ಕೇಳಬೇಕು. ಹೊರಗಿನ ಮಿಸ್ತ್ರಿ ಕೈಹಾಕಿದರೆ ವಾರಂಟಿ ಹೋಗುತ್ತದೆ ಎನ್ನುತ್ತಾರೆ. ವಾರಂಟಿ ಇರುವ ಕಾರನ್ನು ಅವರಿಗೇ ಒಪ್ಪಿಸಿ, ತಕರಾರಿಲ್ಲ. ಅದು ಮುಗಿದ ಕಾರಿನ ಮಾಲೀಕ ಒಂದು ತುಂಡು ಪ್ಲಾಸ್ಟಿಕ್ಕಿಗಾಗಿ ವಿಜಯಪುರದವರೆಗೆ ಹೋಗಿ ಲಿವರು, ಸೊಲೆನಾಯ್ಡು, ಹಲ್ಲುಪಟ್ಟಿಗಳ ಇಡೀ ಕುಟುಂಬವನ್ನು ಕೊಂಡು ತರಬೇಕೆ? ನಾಬು ಬಿಡಿಯಾಗಿ ಸಿಗುವ ಮಾಡೆಲ್‌ಗಳೂ ಇವೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಟ್ರ್ಯಾಕ್ಟರಿನ ಹಿಡಿಕೆ ಸವೆದರೆ ಹಿಡಿಕೆಯನ್ನಷ್ಟೇ ಬದಲಿಸಿ ಹೊಲಕ್ಕೆ ಕಳಿಸುವ ಮಿಸ್ತ್ರಿಗೆ ಈ ವಿವೇಕವನ್ನು ಹೊಸದಾಗಿ ಕಲಿಸಬೇಕಿಲ್ಲ. ಅವನಿಗೆ ಹೇಳಬೇಕಾದದ್ದು ಎರಡೇ. ನಾಬನ್ನು ತಿರುವುವ ಮೊದಲು ಅದು ಸ್ಕ್ರೂವಿನದೋ, ಕ್ಲಿಪ್ಪಿನದೋ, ಮೇಲಕ್ಕೆ ಎಳೆಯುವುದೋ ನೋಡಿಕೊಳ್ಳಬೇಕು. ಕೆಲವದರೊಳಗೆ ಓವರ್‌ಡ್ರೈವ್ ಗುಂಡಿಯ ತಂತಿ ಇರುತ್ತದೆ, ತಿರುವಿದರೆ ಹರಿಯುತ್ತದೆ. ಎರಡನೆಯದು, ಫೆವಿಕ್ವಿಕ್ ಹಾಕಬಾರದು. ಒಳಗೆ ಹೋಗಿ ಹೊರಗೆ ಬರಬೇಕಾದ ಗುಂಡಿಗೆ ಅಂಟು ಹಾಕಿದರೆ ಅದು ಒಂದೇ ದಿಕ್ಕಿನಲ್ಲಿ ಜೀವನ ಮುಗಿಸುತ್ತದೆ. ಇನ್ನು ಆನ್‌ಲೈನಿನಲ್ಲಿ ಸಿಗುವ, ಒಳಗೆ ನೀಲಿ ದೀಪ ಉರಿಯುವ ಗಾಜಿನಂಥ ನಾಬುಗಳು. ಕೊಳ್ಳುವ ಮೊದಲು ಅದಕ್ಕೆ ಗುಂಡಿ ಇದೆಯೇ, ಆ ಗುಂಡಿ ನಿಮ್ಮ ಲಿವರಿನ ಸರಳನ್ನು ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಕಾರು ನಿಂತಲ್ಲೇ ನಿಂತಿರುತ್ತದೆ, ಆದರೆ ರಾತ್ರಿ ಹೊತ್ತು ನಿಂತದ್ದು ಎಲ್ಲಿ ಎಂದು ದೂರದಿಂದಲೇ ಕಾಣುತ್ತದೆ.