ಎಳ್ಳಿಗೆ ಏಳು ವರ್ಷ

ಜಯನಗರ, ಬಸವನಗುಡಿ ಕಡೆ ಈಗ ಯುರೋಪಿಗೆ ಹೋಗಿಬಂದೆವು ಎಂದರೆ ಯಾರೂ ಕಾಫಿ ಲೋಟದಿಂದ ತಲೆ ಎತ್ತುವುದಿಲ್ಲ. ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಿಂತ ಫೋಟೊ ಎದುರುಮನೆಯವರ ಷೋಕೇಸಿನಲ್ಲೂ ಇದೆ, ಅವರ ಮಹಡಿಯ ಬಾಡಿಗೆದಾರರ ಷೋಕೇಸಿನಲ್ಲೂ ಇದೆ. ಇನ್ನು ಉಳಿದಿರುವುದು ಒಂದೇ ಖಂಡ. ಅಲ್ಲಿ ದೇವಸ್ಥಾನವಿಲ್ಲ, ಸೀರೆ ಅಂಗಡಿಯಿಲ್ಲ, ನೆಂಟರಿಲ್ಲ. ನೆಂಟರಿಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟು ಲಕ್ಷ ಬೇಕಾದರೂ ಕೊಡಬಹುದು ಎನ್ನುವವರನ್ನು ನಾನು ಬಲ್ಲೆ.

ನಮ್ಮ ಭಾವ ಅಂಥವರಲ್ಲ. ಅವರು ಹೊರಟಿರುವುದು ಎಕ್ಸ್‌ಪೆಡಿಷನ್ನಿಗೆ. ಕ್ರೂಸ್ ಎಂದರೆ ಸಿಟ್ಟು ಬರುತ್ತದೆ. “ಕ್ರೂಸು ಅಂದ್ರೆ ಮೂರು ಸಾವಿರ ಜನ, ಈಜುಕೊಳ, ತಂಬೋಲ. ನಮ್ಮದು ಸಣ್ಣ ಹಡಗು ಕಣಯ್ಯ, ಬರೀ ನೂರು ಜನ.” ಚಿಕ್ಕ ಸಂಸಾರದ ಗೋಡೆಬರಹ ಓದಿಕೊಂಡು ಬೆಳೆದ ಪೀಳಿಗೆ ಅವರದು. ಚಿಕ್ಕದಾದಷ್ಟೂ ಖರ್ಚು ಹೆಚ್ಚು ಎಂದು ಆ ಗೋಡೆಗಳ ಮೇಲೆ ಯಾರೂ ಬರೆದಿರಲಿಲ್ಲ.

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಅಂಟಾರ್ಕ್ಟಿಕಾಕ್ಕೆ ಪ್ರವಾಸಿಗರನ್ನು ಒಯ್ಯುವ ಕಂಪನಿಗಳು 1991ರಲ್ಲಿ ಐಎಎಟಿಒ ಎಂಬ ಒಕ್ಕೂಟ ಕಟ್ಟಿಕೊಂಡಿವೆ. ಅದರ ನಿಯಮದಂತೆ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ದಡಕ್ಕೆ ಇಳಿಯುವಂತೆಯೇ ಇಲ್ಲ. ಡೆಕ್ಕಿನ ಮೇಲೆ ನಿಂತು ಪೆಂಗ್ವಿನ್ನಿಗೆ ಕೈಬೀಸಿ ವಾಪಸಾಗಬೇಕು. ಇಳಿಯುವವರೂ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನರನ್ನು ಮೀರುವಂತಿಲ್ಲ. ಮುನ್ನೂರು ಜನರ ಹಡಗಿನಲ್ಲಾದರೆ ಮೂರು ಪಾಳಿ, ಇವರದರಲ್ಲಿ ಎಲ್ಲರೂ ಒಟ್ಟಿಗೆ ಇಳಿಯಬಹುದು. ಇಷ್ಟೆಲ್ಲ ಲೆಕ್ಕ ಹಾಕಿ ಹಡಗು ಆರಿಸಿದ ಮನುಷ್ಯ ಸಾಮಾನು ಕಟ್ಟುವುದನ್ನು ನೋಡಿದರೆ, ಉಳಿದ ತೊಂಬತ್ತೆಂಟು ಜನ ಬರುವುದಿಲ್ಲವೆಂದು ಹೇಳಿಕಳಿಸಿದ್ದಾರೇನೋ ಅನ್ನಿಸುತ್ತದೆ.

ಮೊದಲಿಗೆ ಚಳಿಯ ವಿಷಯ. ಅಂಟಾರ್ಕ್ಟಿಕಾದಲ್ಲಿ ಮೈನಸ್ 89.2 ಡಿಗ್ರಿ ಎಂದು ಭಾವ ಮೊಬೈಲಿನಲ್ಲಿ ಹುಡುಕಿ ಕಂಡುಕೊಂಡಿದ್ದಾರೆ. ಸುಳ್ಳಲ್ಲ. ಅದು ದಾಖಲಾದದ್ದು 1983ರ ಜುಲೈ 21ರಂದು, ಸೋವಿಯತ್ ವೊಸ್ತೋಕ್ ನಿಲ್ದಾಣದಲ್ಲಿ, ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಕಿಲೋಮೀಟರ್ ಎತ್ತರದ ಹಿಮದ ಮೇಲೆ, ನಟ್ಟನಡು ಚಳಿಗಾಲದಲ್ಲಿ. ಇವರು ಹೋಗುತ್ತಿರುವುದು ಜನವರಿಯಲ್ಲಿ. ಆಗ ಅಲ್ಲಿ ಬೇಸಿಗೆ. ಹಡಗು ಸುತ್ತುವುದು ಪರ್ಯಾಯ ದ್ವೀಪದ ಕರಾವಳಿಯಲ್ಲಿ. ಅಲ್ಲಿ ಪಾದರಸ ಸೊನ್ನೆಯ ಆಚೀಚೆ ಆಡಿಕೊಂಡಿರುತ್ತದೆ. ಅದೇ ಜನವರಿಯ ಲೇಹ್ ಇದಕ್ಕಿಂತ ತಣ್ಣಗಿರುತ್ತದೆ. ಇದನ್ನು ಹೇಳಿದಾಗ ಭಾವ ನನ್ನನ್ನು ಕನಿಕರದಿಂದ ನೋಡಿದರು. “ಸೊನ್ನೆ ಡಿಗ್ರಿಗೆ ಹೋಗಿದ್ದೆ ಅಂತ ಯಾರ ಹತ್ರ ಹೇಳಿಕೊಳ್ಳಲಿ?”

ಹೀಗೆ ಹೇಳಿಕೊಳ್ಳುವುದಕ್ಕಾಗಿ ಮಾಲಿನಲ್ಲಿ ಒಂದು ಜಾಕೆಟ್ ಕೊಂಡಾಯಿತು. ಬಾತುಕೋಳಿ ಪುಕ್ಕ ತುಂಬಿದ್ದು. ಅದನ್ನು ಹಾಕಿಕೊಂಡು ಹಾಲಿನಲ್ಲಿ ನಡೆದರೆ ಟೀಪಾಯಿ ಮೇಲಿನ ಪೇಪರು ಹಾರುತ್ತದೆ. ಹಡಗಿನ ಕಂಪನಿ ಕಳಿಸಿದ ಕೈಪಿಡಿಯನ್ನು ಇವರು ತೆರೆದು ನೋಡಿದ್ದರೆ ತಿಳಿಯುತ್ತಿತ್ತು: ಟೋಪಿಯಿರುವ ದಪ್ಪ ಪಾರ್ಕಾ ಜಾಕೆಟ್ಟನ್ನು ಅವರೇ ಉಚಿತವಾಗಿ ಕೊಡುತ್ತಾರೆ, ಮನೆಗೂ ತರಬಹುದು. ಮೊಣಕಾಲವರೆಗಿನ ರಬ್ಬರ್ ಬೂಟು ಎರವಲು ಸಿಗುತ್ತದೆ. ನಾವು ಒಯ್ಯಬೇಕಾದದ್ದು ತೆಳ್ಳನೆಯ ಉಣ್ಣೆಯ ಒಳ ಉಡುಪು, ಮೇಲೊಂದು ಫ್ಲೀಸು, ನೀರು ಒಳಬಿಡದ ಮೇಲು ಪ್ಯಾಂಟು, ಎರಡು ಜೊತೆ ಕೈಗವಸು. ಹತ್ತಿ ಬೇಡ, ಒದ್ದೆಯಾದರೆ ಅದು ಮೈಯ ಶಾಖವನ್ನೇ ಹೀರುತ್ತದೆ. ಭಾವ ಒಂದು ಡಜನ್ ಹತ್ತಿ ಬನಿಯನ್ ಇಟ್ಟುಕೊಂಡಿದ್ದಾರೆ. ಕೈಪಿಡಿ ಮಾತ್ರ ಇ-ಮೇಲಿನಲ್ಲಿ, ಬ್ಯಾಂಕಿನವರ ಹುಟ್ಟುಹಬ್ಬದ ಶುಭಾಶಯದ ಕೆಳಗೆ, ತೆರೆಯದೆ ಬಿದ್ದಿದೆ. ತಂಪು ಕನ್ನಡಕ, ಸನ್‌ಸ್ಕ್ರೀನ್ ಪಟ್ಟಿಯಲ್ಲೇ ಇಲ್ಲ. ಹಿಮದಿಂದ ಚಿಮ್ಮುವ ಬಿಸಿಲಿಗೆ ಮೂಗು ಸುಡುತ್ತದೆಂದರೆ, “ಚಳೀಲಿ ಎಲ್ಲಾದ್ರೂ ಸುಡತ್ತೇನೋ!”

ಹಡಗು ಹತ್ತುವುದು ಅರ್ಜೆಂಟೀನಾದ ಉಷುವಾಯಾದಲ್ಲಿ. ಬ್ಯೂನಸ್ ಐರಿಸ್‌ನಿಂದ ಅಲ್ಲಿಗೆ ಒಳನಾಡಿನ ವಿಮಾನ, ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 15 ಕೆಜಿ ಮಿತಿ. ಬೆಂಗಳೂರಿನಿಂದ ಎರಡೆರಡು ದೊಡ್ಡ ಪೆಟ್ಟಿಗೆಗೆ ಒಗ್ಗಿದ ಸಂಸಾರಕ್ಕೆ ಇದು ಮಾನಹಾನಿ. ಪೆಟ್ಟಿಗೆಯೂ ಗಟ್ಟಿ ಪ್ಲಾಸ್ಟಿಕ್ಕಿನದು. ಮಡಚಿ ಮಂಚದ ಕೆಳಗೆ ತಳ್ಳಬಹುದಾದ ಮೆತ್ತನೆಯ ಚೀಲ ತನ್ನಿ ಎಂದು ಹಡಗಿನವರು ಬೇಡಿಕೊಳ್ಳುವುದು ಸುಮ್ಮನಲ್ಲ. ಕೋಣೆಯಲ್ಲಿ ಮಂಚ, ಬೀರು, ಬಚ್ಚಲು ಕಳೆದರೆ ಇಬ್ಬರು ಒಟ್ಟಿಗೆ ತಿರುಗಲು ಮುಹೂರ್ತ ನೋಡಬೇಕು. ಇದರ ನಡುವೆ ಭಾವ ‘ಸ್ಫೂರ್ತಿಗೆ’ ಎಂದು ಧ್ರುವ ಅನ್ವೇಷಕ ಶಾಕಲ್ಟನ್ನನ ದಪ್ಪ ಜೀವನಚರಿತ್ರೆ ಇಟ್ಟುಕೊಂಡಿದ್ದಾರೆ. 1915ರಲ್ಲಿ ಅವನ ಎಂಡ್ಯೂರನ್ಸ್ ಹಡಗು ಹಿಮದ ಹಿಡಿತಕ್ಕೆ ಸಿಕ್ಕಿ ನುಜ್ಜುಗುಜ್ಜಾದಾಗ ಶಾಕಲ್ಟನ್ ತನ್ನ ಜನರಿಗೆ ಹೇಳಿದ್ದು, ಸ್ವಂತದ ಸಾಮಾನು ತಲೆಗೆ ಎರಡು ಪೌಂಡ್ ಮಾತ್ರ ಎಂದು. ನಮ್ಮ ಲೆಕ್ಕದಲ್ಲಿ 900 ಗ್ರಾಂ ಚಿಲ್ಲರೆ. ಹಾಗೆಂದು ತನ್ನದೇ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದು ತೋರಿಸಿದ. ಒಬ್ಬನ ಬ್ಯಾಂಜೊ ವಾದ್ಯವನ್ನು ಮಾತ್ರ ಉಳಿಸಿಕೊಂಡ, ಮನಸ್ಸಿಗೆ ಅದು ಔಷಧಿ ಎಂದು. ಭಾವ ಇಟ್ಟುಕೊಂಡ ಪುಸ್ತಕ ಅಡುಗೆಮನೆ ತಕ್ಕಡಿಯಲ್ಲಿ ಒಂದು ಕೆಜಿ ದಾಟಿತು. ಅದನ್ನು ಒಯ್ದಿದ್ದರೆ ಶಾಕಲ್ಟನ್ನೇ ಇವರನ್ನು ಹಿಮದ ಮೇಲೆ ಬಿಟ್ಟುಹೋಗುತ್ತಿದ್ದ.

ಅಕ್ಕನ ಪೆಟ್ಟಿಗೆ ಬೇರೆಯೇ ರಾಜ್ಯ. ಅಲ್ಲಿ ಪುಟ್ಟ ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ, ಎಲ್ಲಕ್ಕೂ ಸೇರಿ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಇವಿಷ್ಟೂ ಹಡಗಿನಲ್ಲಿ ನಿಷಿದ್ಧ. ನಡುಸಮುದ್ರದಲ್ಲಿ ಕರೆದರೆ ಬರುವ ಅಗ್ನಿಶಾಮಕ ದಳವಿಲ್ಲವಾದ್ದರಿಂದ, ಬಿಸಿಯಾಗುವ ತಂತಿ ಕಂಡರೆ ಹಡಗಿನವರಿಗೆ ಮೈ ಬಿಸಿಯಾಗುತ್ತದೆ. ಹತ್ತುವಾಗಲೇ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. “ಹಾಗಾದ್ರೆ ಅನ್ನಕ್ಕೇನು ಮಾಡ್ತಾರಂತೆ?” ಎಂದಳು ಅಕ್ಕ. ಮೊದಲೇ ತಿಳಿಸಿದರೆ ಸಸ್ಯಾಹಾರ ಮಾಡಿ ಬಡಿಸುತ್ತಾರೆ, ಅದಕ್ಕೊಂದು ಫಾರ್ಮ್ ಕಳಿಸಿದ್ದಾರೆ. ಆ ಫಾರ್ಮ್ ಎಲ್ಲಿದೆ? ಬ್ಯಾಂಕಿನವರ ಶುಭಾಶಯದ ಕೆಳಗೆ.

ಆದರೆ ನಿಜವಾದ ಅಪಾಯ ಇರುವುದು ವಿದ್ಯುತ್ತಿನಲ್ಲಲ್ಲ, ಎಳ್ಳಿನಲ್ಲಿ. ಪ್ರಯಾಣ ಸಂಕ್ರಾಂತಿಯ ಹೊತ್ತಿಗೇ ಬಂದಿರುವುದರಿಂದ ಹಡಗಿನ ನೂರೂ ಜನರಿಗೆ ಎಳ್ಳುಬೆಲ್ಲ ಹಂಚುವುದೆಂದು ಅಕ್ಕ ತೀರ್ಮಾನಿಸಿದ್ದಾಳೆ. ಚಟ್ನಿಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಮಿಡಿ ಉಪ್ಪಿನಕಾಯಿ ಇದರ ಹೊರತು. ಪೆಟ್ಟಿಗೆಗೆ ಕುಂಕುಮವಿಟ್ಟು ಅಕ್ಷತೆ ಹಾಕುವುದು, ಭಾವನ ಜೇಬಿಗೆ ತುಳಸಿ ಇಳಿಸುವುದು ನಮ್ಮ ಮನೆಯಲ್ಲಿ ಮೈಸೂರಿಗೆ ಹೊರಟರೂ ನಡೆಯುವ ಶಾಸ್ತ್ರ. ಅಂಟಾರ್ಕ್ಟಿಕಾದ ಕಣ್ಣಿನಿಂದ ನೋಡಿದರೆ ಇದೊಂದು ಸಂಪೂರ್ಣ ಜೈವಿಕ ದಾಳಿ. ಅಲ್ಲಿ ದಡಕ್ಕೆ ಒಂದು ತುಂಡು ಚಾಕೊಲೆಟ್ಟನ್ನೂ ಒಯ್ಯುವಂತಿಲ್ಲ. ಇಳಿಯುವ ಮುಂಚೆ ಪ್ರತಿಯೊಬ್ಬರ ಜೇಬು, ವೆಲ್‌ಕ್ರೋ ಪಟ್ಟಿ, ಕ್ಯಾಮೆರಾ ಚೀಲದ ಮೂಲೆಗಳನ್ನು ವ್ಯಾಕ್ಯೂಮ್ ಹಾಕಿ ಎಳೆಯುತ್ತಾರೆ, ಸಂದಿಯಲ್ಲಿ ಸಿಕ್ಕಿದ ಬೀಜವನ್ನು ಚಿಮಟದಿಂದ ಕೀಳುತ್ತಾರೆ, ಬೂಟನ್ನು ಸೋಂಕುನಾಶಕದಲ್ಲಿ ಅದ್ದಿಸುತ್ತಾರೆ. ಹುಚ್ಚಾಟವಲ್ಲ ಇದು. ನಮ್ಮ ತೋಟಗಳಲ್ಲಿ ಲೆಕ್ಕಕ್ಕೇ ಇಲ್ಲದ ಪೋವಾ ಆನುವಾ ಎಂಬ ಹುಲ್ಲು ಕಿಂಗ್ ಜಾರ್ಜ್ ದ್ವೀಪದ ಪೋಲಿಷ್ ನಿಲ್ದಾಣದ ಸುತ್ತ ಬೇರು ಬಿಟ್ಟಿದೆ. ಬಂದದ್ದು ಮನುಷ್ಯರ ಜೊತೆಯಲ್ಲೇ.

“ಎಳ್ಳು ಹುರಿದಿದೀನಿ ಕಣೋ, ಹುರಿದದ್ದು ಎಲ್ಲಾದ್ರೂ ಮೊಳೆಯತ್ತಾ?” ಎಂದು ಅಕ್ಕ ಸಸ್ಯಶಾಸ್ತ್ರ ಎತ್ತಿದಳು. ವಾದ ಗಟ್ಟಿಯಾಗಿದೆ. ಆದರೆ ಅಕ್ಷತೆ ಹುರಿದದ್ದಲ್ಲ, ಒಗ್ಗರಣೆ ಡಬ್ಬಿಯ ಸಾಸಿವೆ ಹುರಿದದ್ದಲ್ಲ. ನಮ್ಮ ಸಂಸತ್ತು 2022ರಲ್ಲಿ ಅಂಟಾರ್ಕ್ಟಿಕಾ ಕಾಯಿದೆ ಎಂದೇ ಒಂದನ್ನು ಪಾಸು ಮಾಡಿದೆ. ಅದರ ಪ್ರಕಾರ ಪರವಾನಗಿ ಇಲ್ಲದೆ ಹೊರಗಿನ ಗಿಡವನ್ನೋ ಪ್ರಾಣಿಯನ್ನೋ ಅಲ್ಲಿಗೆ ನುಗ್ಗಿಸಿದರೆ ಏಳು ವರ್ಷದವರೆಗೆ ಜೈಲು, ಮೇಲೆ 10ರಿಂದ 50 ಲಕ್ಷ ರೂಪಾಯಿ ದಂಡ. ಎಳ್ಳು ಶನಿಗೆ ಪ್ರಿಯ. ಅವನು ಹಿಡಿದರೆ ಏಳೂವರೆ ವರ್ಷ. ಸರ್ಕಾರ ಅರ್ಧ ವರ್ಷ ಬಿಟ್ಟುಕೊಟ್ಟಿದೆ. ಅದೇ ಕಾಯಿದೆಯಲ್ಲಿ ಅಂಟಾರ್ಕ್ಟಿಕಾದಲ್ಲಿ ಅಣುಬಾಂಬ್ ಸಿಡಿಸಿದವರಿಗೆ ಕನಿಷ್ಠ 20 ವರ್ಷ ಸೆರೆವಾಸವಿದೆ. ಈ ಕಲಮು ಬರೆದವರು ನಮ್ಮಕ್ಕನ ಕುಕ್ಕರನ್ನು ಎಲ್ಲೋ ನೋಡಿರಬೇಕು.

ಸೀರೆ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು. ಪೆಂಗ್ವಿನ್ ಪಕ್ಕ ಮೈಸೂರು ಸಿಲ್ಕ್ ಉಟ್ಟು ಫೋಟೊ ತೆಗೆಸಿಕೊಳ್ಳಬೇಕೆಂಬುದು ಅಕ್ಕನ ಆಸೆ. ಪಕ್ಕ ಎಂದರೆ 5 ಮೀಟರ್. ಅದಕ್ಕಿಂತ ಹತ್ತಿರ ಹೋಗುವಂತಿಲ್ಲ. ಹಕ್ಕಿಜ್ವರದ ವೈರಸ್ 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯಭೂಮಿಯಲ್ಲೂ ಪತ್ತೆಯಾಗಿದೆ. ಹಾಗಾಗಿ ಅಲ್ಲಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲವನ್ನೂ ನೆಲಕ್ಕಿಡುವಂತಿಲ್ಲ. ನೆಲಕ್ಕೆ ತಾಗಬೇಕಾದದ್ದು ತೊಳೆದ ಬೂಟು ಒಂದೇ. ನೆರಿಗೆ ತಾಗಿದರೆ? ಸೀರೆಯನ್ನೇ ಸೋಂಕುನಾಶಕದಲ್ಲಿ ಅದ್ದುತ್ತಾರೆ ಎಂದೆ. ಇಷ್ಟೂ ನಿಯಮಗಳಲ್ಲಿ ಅಕ್ಕ ಮರುಮಾತಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಭಾವನಿಗೆ ಇದಕ್ಕಿಂತ ಕಠಿಣವಾದ ನಿಯಮವೊಂದಿದೆ. ದಡದಲ್ಲಿ ಶೌಚಾಲಯವಿಲ್ಲ, ಬಂಡೆಯ ಹಿಂದೆ ಹೋಗುವುದೂ ನಿಷಿದ್ಧ. ಹಡಗಿನಿಂದ ರಬ್ಬರ್ ದೋಣಿಯಲ್ಲಿ ಇಳಿದರೆ ವಾಪಸು ಹತ್ತುವುದಕ್ಕೆ ಎರಡು ಮೂರು ಗಂಟೆ. ತುರ್ತಾದರೆ ದೋಣಿಯಲ್ಲಿ ಹಡಗಿಗೇ ಮರಳಬೇಕು, ಅಲ್ಲಿ ಲೈಫ್ ಜಾಕೆಟ್, ಪಾರ್ಕಾ, ಮೇಲು ಪ್ಯಾಂಟು, ಒಳ ಪ್ಯಾಂಟು ಎಂದು ಒಂದೊಂದಾಗಿ ಬಿಡಿಸಬೇಕು. ತುಮಕೂರು ರಸ್ತೆಯುದ್ದಕ್ಕೂ ಕಾರು ನಿಲ್ಲಿಸಿ ಸ್ವಾತಂತ್ರ್ಯ ಅನುಭವಿಸಿದ ಮನುಷ್ಯನಿಗೆ ಒಂದು ಇಡೀ ಖಂಡ ಹೀಗೆ ಬಾಗಿಲು ಹಾಕಿಕೊಂಡಿದೆ ಎಂದರೆ ನಂಬಿಕೆಯೇ ಬರುತ್ತಿಲ್ಲ.

ಡ್ರೇಕ್ ಜಲಸಂಧಿ ಇದಕ್ಕೆಲ್ಲ ಮುಂಚೆ ಬರುತ್ತದೆ. ದಕ್ಷಿಣ ಅಮೆರಿಕದ ತುದಿಯಿಂದ ಎರಡು ದಿನದ ದಾರಿ, ಅಡ್ಡಕ್ಕೊಂದು ನೆಲದ ಚೂರಿಲ್ಲದೆ ಗಾಳಿ ಭೂಮಿಯನ್ನೇ ಸುತ್ತಿಕೊಂಡು ಬರುವ ಜಾಗ. ಭಾವ ಹೆಚ್ಚು ದುಡ್ಡು ತೆತ್ತು ಮೇಲಿನ ಅಂತಸ್ತಿನ ಬಾಲ್ಕನಿ ಕೋಣೆ ಹಿಡಿದಿದ್ದಾರೆ. ಹಡಗು ಹೊರಳಾಡುವಾಗ ಅತಿ ಹೆಚ್ಚು ತೂಗುವುದು ಅದೇ ಅಂತಸ್ತು. ಕಡಿಮೆ ತೂಗುವುದು ಕೆಳಗೆ, ನಟ್ಟನಡುವೆ ಇರುವ ಕಿಟಕಿಗಿಂಡಿಯ ಅಗ್ಗದ ಕೋಣೆ. ದುಡ್ಡಿಗೆ ತಕ್ಕಷ್ಟು ವಾಂತಿ ಎಂಬ ಈ ನ್ಯಾಯವನ್ನು ಯಾವ ಜಾಹೀರಾತಿನಲ್ಲೂ ಅಚ್ಚು ಹಾಕುವುದಿಲ್ಲ. ಡಾಕ್ಟರರನ್ನು ಕೇಳಿ ಅವೊಮಿನ್ ಮಾತ್ರೆಯನ್ನೋ ಕಿವಿಯ ಹಿಂದೆ ಅಂಟಿಸುವ ಪಟ್ಟಿಯನ್ನೋ ಇಟ್ಟುಕೊಳ್ಳಿ, ಹೊಟ್ಟೆ ತೊಳಸುವ ಮೊದಲೇ ಬಳಸಬೇಕು ಎಂದೆ. ಆಗುಂಬೆಯಲ್ಲೇ ಏನೂ ಆಗಿಲ್ಲ ಎಂದರು. ಇನ್ನೊಂದು ಸಣ್ಣ ಮಾತನ್ನೂ ಹೇಳಿದ್ದೇನೆ: ನಡೆಯುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ, ಬಾಗಿಲ ಚೌಕಟ್ಟಿನ ಮೇಲೆ ಮಾತ್ರ ಇಡಬೇಡಿ. ಹಡಗು ವಾಲಿದಾಗ ಆ ಉಕ್ಕಿನ ಬಾಗಿಲು ಬೆರಳು ಯಾರದೆಂದು ಕೇಳುವುದಿಲ್ಲ.

ಇಷ್ಟು ತಯಾರಿಯಲ್ಲಿ ಎಚ್ಚರ ತಪ್ಪಿದ್ದು ಬಿಪಿ ಮಾತ್ರೆಯ ವಿಷಯದಲ್ಲಿ. ಇಟ್ಟಿದ್ದಾರೆ, ಲೆಕ್ಕ ಹಾಕಿ ಅಷ್ಟೇ ದಿನಕ್ಕೆ, ಅದೂ ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿ. ವಿಮೆಯ ಕಂತಿಗೆ ಮಾತ್ರ ವಾರಗಟ್ಟಲೆ ಚೌಕಾಸಿ. ಅಲ್ಲಿ ಎದೆ ಹಿಡಿದುಕೊಂಡರೆ ಕಿಂಗ್ ಜಾರ್ಜ್ ದ್ವೀಪದ ಜಲ್ಲಿ ರನ್‌ವೇವರೆಗೆ ಹಡಗು ಹೋಗಬೇಕು, ಮೋಡ ಸರಿದರೆ ಚಿಲಿಯಿಂದ ವಿಮಾನ ಬರಬೇಕು. ಅದರ ಬಿಲ್ಲಿನ ಮುಂದೆ ಈ ಪ್ರವಾಸದ ಖರ್ಚು ಆಟೊ ಮೀಟರಿನಷ್ಟು. ಜಾಕೆಟ್ ಮಾತ್ರ ಹೇಳಿದ ಬೆಲೆಗೇ ಕೊಂಡರು.

ಕೊನೆಗೆ ಎಕ್ಸ್‌ಪ್ಲೋರರ್ ಎಂಬ ಹಡಗಿನ ಕಥೆ ಹೇಳಿದೆ. ಈ ಸಣ್ಣ ಹಡಗಿನ ಪ್ರವಾಸಕ್ಕೆ ದಾರಿ ಹಾಕಿದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ 1969ರಲ್ಲಿ ಕಟ್ಟಿಸಿದ್ದು. ಕೆಂಪು ಬಣ್ಣ. 2007ರ ನವೆಂಬರ್ 23ರಂದು ಅದು ಹಿಮಕ್ಕೆ ಬಡಿದು ಮುಳುಗಿತು. ಅದರಲ್ಲಿದ್ದ 154 ಜನ ಮೈಮೇಲಿನ ಬಟ್ಟೆಯಲ್ಲೇ ಜೀವರಕ್ಷಕ ದೋಣಿಗಳಿಗೆ ಇಳಿದು, ಚಳಿಯಲ್ಲಿ ಗಂಟೆಗಟ್ಟಲೆ ತೇಲಿ, ನಾರ್ವೆಯ ಹಡಗೊಂದು ಬಂದಾಗ ಒಬ್ಬರೂ ತಪ್ಪದೆ ಬದುಕಿದರು. ಪೆಟ್ಟಿಗೆಗಳೆಲ್ಲ ಸಮುದ್ರದ ತಳಕ್ಕೆ.

“ಜಾಕೆಟ್ಟೂ ಹೋಯ್ತಾ?” ಎಂದರು ಭಾವ.

“ಮೈಮೇಲೆ ಇದ್ದದ್ದು ಉಳೀತು.”

“ಲೈಫ್ ಜಾಕೆಟ್ಟಿಗೆ ಜೇಬು ಇರತ್ತೇನೋ?” ಎಂದು ಅಕ್ಕ ಅಡುಗೆಮನೆಯಿಂದ ಕೇಳಿದಳು.

“ಚಿಕ್ಕದೊಂದು ಇರಬಹುದು. ಯಾಕೆ?”

“ಸುಮ್ನೆ ಕೇಳ್ದೆ” ಎಂದವಳು ಉಪ್ಪಿನಕಾಯಿಯನ್ನು ದೊಡ್ಡ ಡಬ್ಬಿಯಿಂದ ಚಿಕ್ಕ ಡಬ್ಬಿಗೆ ಬದಲಾಯಿಸತೊಡಗಿದಳು.