ಬ್ರೇಕ್ ಬಿಡಿ, ಬಾಕ್ಸ್ ಹಾಕಿ

ನವೆಂಬರ್ ಬಂತೆಂದರೆ ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ಕಬ್ಬಿನ ಗುಡ್ಡಗಳು ಓಡಾಡತೊಡಗುತ್ತವೆ. ಮುಂದೊಂದು ಟ್ರ್ಯಾಕ್ಟರ್, ಹಿಂದೆರಡು ಟ್ರೇಲರ್. ಬಹುತೇಕ ಬ್ರೇಕ್ ಇರುವುದು ಮುಂದಿನದಕ್ಕೆ ಮಾತ್ರ. ಹಿಂದಿನವು ದೇವರ ಮೇಲೆ ಭಾರ ಹಾಕಿ ಬರುತ್ತವೆ.

ಟ್ರೇಲರಿಗೆ ನಾವು ಖರ್ಚೇ ಮಾಡುವುದಿಲ್ಲ ಎನ್ನಬೇಡಿ. ವೆಲ್ಡಿಂಗ್ ಅಂಗಡಿಗೆ ಹೋಗಿ ನೋಡಿ. ಇನ್ನಷ್ಟು ಹೇರಲು ಪಕ್ಕಕ್ಕೆ ಚಾನಲ್ ಏರಿಸಬೇಕು. ಪವರ್ ಟಿಲ್ಲರ್ ಹತ್ತಿಸಲು ರ‍್ಯಾಂಪ್ ಬೇಕು, ಅದೂ ಮಡಚುವಂಥದ್ದು. ಟ್ರ್ಯಾಕ್ಟರಿಗೆ ನಾಲ್ಕು ಸ್ಪೀಕರ್ ಬಾಕ್ಸ್ ಬೇಕೇ ಬೇಕು. ಬ್ರೇಕ್ ಎಂದರೆ ಮಾಲೀಕ ನಮ್ಮನ್ನೇ ಎಗಾದಿಗಾ ನೋಡುತ್ತಾನೆ. "ಟ್ರ್ಯಾಕ್ಟರಿಗೆ ಐತಲ್ರೀ, ಮತ್ಯಾಕ?"

ಐತಿ, ನಿಜ. ಎಡ ಚಕ್ರಕ್ಕೊಂದು ಪೆಡಲ್, ಬಲ ಚಕ್ರಕ್ಕೊಂದು. ಹೊಲದಲ್ಲಿ ಸಾಲಿನ ಕೊನೆಗೆ ಗಕ್ಕನೆ ತಿರುಗಿಸಲು ಆ ಏರ್ಪಾಟು. ರಸ್ತೆಗಿಳಿದರೆ ಎರಡನ್ನೂ ಚಿಲಕ ಹಾಕಿ ಜೋಡಿಸಬೇಕು. ಚಿಲಕ ತುಕ್ಕು ಹಿಡಿದು ಯಾವ ಕಾಲವಾಯಿತೋ! ಇಳಿಜಾರಿನಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆ ಎಳೆಯುತ್ತದೆ. ಟನ್‌ಗಟ್ಟಲೆ ಕಬ್ಬು ಹಿಂದಿನಿಂದ ನೂಕುತ್ತದೆ. ಆ ನೂಕಿನಿಂದಲೇ ಟ್ರೇಲರಿನ ಗಾಲಿ ಹಿಡಿಯುವ ಓವರ್‌ರನ್ ಬ್ರೇಕ್ ಎಂಬುದೊಂದು ಇದೆ. ಆದರೆ ಅದು ಹಾಡುವುದಿಲ್ಲ. ಹಾಕಿಸಿ ಏನು ಪ್ರಯೋಜನ?

ಹ್ಯಾಂಡ್‌ಬ್ರೇಕ್ ಮಾತ್ರ ಅಪ್ಪಟ ಸ್ವದೇಶಿ: ಗಾಲಿಗೆ ಕೊಟ್ಟ ಕಲ್ಲು. ಕೆಟ್ಟು ನಿಂತಾಗ ಇಡುತ್ತಾರೆ, ಹೊರಡುವಾಗ ನಡುರಸ್ತೆಯಲ್ಲೇ ಬಿಡುತ್ತಾರೆ. ಕತ್ತಲಲ್ಲಿ ಬರುವ ಬೈಕಿನವನಿಗೆ ಕಾಣಿಕೆ.

ಕಾನೂನು? ಧಾರಾಳವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಬಾರದು ಎನ್ನುತ್ತದೆ. ಮಿತಿಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಎಷ್ಟು ಹೇರಿದ್ದಾರೆಂದು ಪತ್ತೆ ಮಾಡಲು ಸಿಐಡಿ ಬೇಡ. ಕಾರ್ಖಾನೆಯ ವೇಬ್ರಿಡ್ಜ್ ತೂಕದ ಚೀಟಿಯನ್ನೇ ಕೊಡುತ್ತದೆ. ಬಿಲ್ಲಿಗೆ ಆ ಚೀಟಿ ವೇದವಾಕ್ಯ. ದಂಡಕ್ಕೆ ಮಾತ್ರ ಅದು ಯಾರ ಕಣ್ಣಿಗೂ ಬೀಳದು.

ಯಾರಾದರೂ ಹಿಡಿದರೆ, 'ರೈತರಿಗೆ ಕಿರುಕುಳ' ಎಂದು ಮುಖಂಡರ ಫೋನು. ದೀಪವಿಲ್ಲದ ಅದೇ ಟ್ರೇಲರಿಗೆ ರಾತ್ರಿ ಗುದ್ದಿ ಸಾಯುವವನೂ ರೈತನ ಮಗನೇ. ಆಗ ಮುಖಂಡರು ಫೋನು ಮಾಡುವುದಿಲ್ಲ. ಹಾರ ಹಿಡಿದು ಖುದ್ದು ಬರುತ್ತಾರೆ.

ಇನ್ನು ಟ್ರೇಲರ್ ಪಲ್ಟಿಯಾದರೆ ಎಫ್‌ಐಆರ್ ಬರೆಯುವುದು ಸುಲಭ: 'ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ.' ತೆವಳುವ ಬಂಡಿಯ ಅತಿವೇಗ! ಪಕ್ಕ ಏರಿಸಿದವನು, ಹೇರಿಸಿದವನು, ತೂಗಿದವನು, ಕಂಡೂ ಬಿಟ್ಟವನು ಎಲ್ಲರೂ ಸಾಕ್ಷಿಗಳು. ಆರೋಪಿ, ಕೂಲಿಗೆ ಬಂದ ಡ್ರೈವರ್ ಒಬ್ಬನೇ.