‘ಸಾಹೇಬ್ರ, ಜರಾ ಹಿಂದ ಸರೀರಿ’

ಬೆಳಗಾವಿ ಕಡೆಯಿಂದ ಬರುವ ರಾತ್ರಿ ಬಸ್ಸಿನಲ್ಲಿ ಕಂಡಕ್ಟರು ‘ಕಾತ್ರಜ, ಕಾತ್ರಜ’ ಎಂದು ಕೂಗಿದರೆ ಪುಣೆ ಬಂತೆಂದು ಲೆಕ್ಕ. ಘಾಟಿನಿಂದ ಇಳಿಯುವುದು ಬಸ್ಸೊಂದೇ ಅಲ್ಲ. ಡಿಸೆಂಬರಿನಲ್ಲಿ ಗುಡ್ಡದ ಚಳಿಯೂ ಇಳಿದುಬಂದು ನಮ್ಮ ಸೊಸೈಟಿಯ ಗೇಟಿನಲ್ಲಿ ಠಿಕಾಣಿ ಹೂಡುತ್ತದೆ. ಅಲ್ಲಿ ವಾಚ್‌ಮನ್ ಕಾಕಾ ಒಂದು ಕಬ್ಬಿಣದ ಘಮೇಲಾದಲ್ಲಿ ಶೇಕೋಟಿ ಹೊತ್ತಿಸಿ ರಾತ್ರಿ ನೂಕುತ್ತಾರೆ. ಅದನ್ನು ನಿಷೇಧಿಸಿ ಕಮಿಟಿ ನೋಟಿಸ್ ಅಂಟಿಸಿತು. ಅದೇ ವಾರ ಮೊದಲ ಮಹಡಿಯ ಟೆರೇಸಿನವರು ಆನ್‌ಲೈನಿನಲ್ಲಿ ‘ಫೈರ್ ಪಿಟ್’ ತರಿಸಿದರು. ಕಮಿಟಿ ಅಲ್ಲಿಗೆ ಊಟಕ್ಕೆ ಹೋಯಿತು. ಹೋಗುವಾಗ, ‘ವಾಚ್‌ಮನ್ ನಿಮ್ಮ ಕಡೆಯವರು, ನೀವೇ ವಿಚಾರಿಸಿ’ ಎಂದು ನನ್ನನ್ನು ಗೇಟಿಗೆ ಅಟ್ಟಿತು. ಇಂಡಿ ತಾಲ್ಲೂಕಿನ ಕಾಕಾ ರೌಂಡಿಗೆ ಹೋಗಿದ್ದರು. ಆರೋಪಿ ಮಾತ್ರ ಕೆಂಪಗೆ ಕೂತಿತ್ತು.

ತಮ್ಮ ಪರಿಚಯ?

ಇಂಡಿ ಕಡೆ ಬುಟ್ಟಿ ಅಂತಾರ್ರಿ, ಬೆಂಗಳೂರಾಗ ಬಾಂಡ್ಲಿ, ಇಲ್ಲಿ ಘಮೇಲಾ. ನೀವಿರೋ ಬಿಲ್ಡಿಂಗಿನ ಎಲ್ಲಾ ಸ್ಲ್ಯಾಬೂ ನನ್ನ ಹೊಟ್ಟಿ ದಾಟೇ ಮ್ಯಾಲ ಹೋಗ್ಯಾವ. ವಿಜಯಪುರ, ಕಲಬುರ್ಗಿ ಕಡೀ ಹೆಣ್ಮಕ್ಕಳು ಸಿಂಬಿ ಇಟ್ಟು ನನ್ನ ತಲಿ ಮ್ಯಾಲ ಹೊತ್ತಾರ. ಕನ್ನಡ ಅಲ್ಲೇ ಕಲಿತೆ. ತಳ ತೂತು ಬಿದ್ದ ಮ್ಯಾಲ ಕಾಂಟ್ರ್ಯಾಕ್ಟರ್ ಒಗದು ಹ್ವಾದ. ತೂತಿದ್ದದ್ದಕ್ಕ ಗಾಳಿ ಆಡ್ತೈತಿ, ಬೆಂಕಿ ಚಲೋ ಹಿಡೀತೈತಿ. ಟೆರೇಸಿಗೆ ಬಂದಾನಲ್ಲ ನಮ್ಮ ತಮ್ಮ, ಅವನ ತಳಕ್ಕೂ ತೂತ ಅದಾವ. ಅವನವು ಕಂಪನಿ ಹೊಡದದ್ದು, ನನ್ನವು ಕೆಲಸ ಹೊಡದದ್ದು.

ಮೊದಲನೇ ಆರೋಪ: ನೀವು ಕಸ ಸುಡುತ್ತೀರಿ.

ಸುಡ್ತೀನಿ. ಖರೆ ಹೇಳಬೇಕಲ್ಲ. ಆದ್ರ ಕಸ ಯಾರದ್ರೀ? ಹೊಸ ಅಡಿಗಿಮನಿ ಮಾಡಿಸಿದವ್ರು ಸನ್‌ಮೈಕಾ ಹಚ್ಚಿದ ಪ್ಲೈವುಡ್ ತುಂಡು ತಂದು ‘ಕಾಕಾ, ಶೇಕೋಟಿಗೆ ಆಗ್ತೈತಿ’ ಅಂತ ದಾನ ಮಾಡ್ತಾರ. ಅದರ ಅಂಟು ಸುಟ್ರ ಫಾರ್ಮಾಲ್ಡಿಹೈಡ್. ಪಿವಿಸಿ ಪೈಪಿನ ಚೂರು ಬಿದ್ರ ಡಯಾಕ್ಸಿನ್. ದಾನ ಕೊಟ್ಟವ್ರು ಕಿಡಕಿ ಹಾಕ್ಕೊಂಡು ಮಲಗ್ತಾರ, ಕೆಮ್ಮೋದು ಕಾಕಾ. ಕಿಡಕೀನೂ ಪೂರಾ ಕಾಯಂಗಿಲ್ಲ ಬಿಡ್ರಿ. ಚಳಿಗಾಲದ ರಾತ್ರಿ ತಣ್ಣನ ಗಾಳಿ ಕೆಳಗ ಕುಂತಿರತೈತಿ, ಬೆಚ್ಚನದು ಮ್ಯಾಲ ಮುಚ್ಚಳಾ ಹಾಕಿದಂಗ. ಹೊಗಿ ಗುಡ್ಡ ದಾಟಂಗಿಲ್ಲ, ಬುಡದಾಗೇ ಸುತ್ತಾಡ್ತೈತಿ.

ಕಾನೂನು ಗೊತ್ತೇ? ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ಹಸಿರು ನ್ಯಾಯಮಂಡಳಿಯ 2016ರ ಡಿಸೆಂಬರ್ 22ರ ಆದೇಶ.

ಗೊತ್ತೈತಿ. ಕಾಕಾ ದಿನಾ ಪೇಪರಿಂದನೇ ನನ್ನ ಹೊತ್ತಸ್ತಾರ, ನಾ ಓದೇ ಸುಡ್ತೀನಿ. ದಿಲ್ಲಿ ಸುದ್ದೀನೂ ಓದೀನಿ. ಅಲ್ಲಿ ಗಾಳಿ ಕೆಟ್ಟಾಗ ಸೊಸೈಟಿಯವ್ರು ವಾಚ್‌ಮನ್ ಮಂದಿಗೆ ಕರೆಂಟಿನ ಹೀಟರ್ ಕೊಡಬೇಕು, ಅವ್ರು ಕಟಗಿ ಕಸ ಸುಡಬಾರದು ಅಂತ ಆದೇಶ ಐತಿ. ಆ ಪೇಪರ್ ನಿಮ್ಮ ಕಮಿಟಿ ಮನಿಗೆ ಬರಂಗಿಲ್ಲೇನ್ರಿ?

(ಈ ಪ್ರಶ್ನೆಯನ್ನು ನಾನು ವರದಿಯಲ್ಲಿ ಬರೆದುಕೊಳ್ಳಲಿಲ್ಲ.)

ಟೆರೇಸಿನ ಫೈರ್ ಪಿಟ್‌ನಲ್ಲಿ ಕಸ ಸುಡುವುದಿಲ್ಲ. ಒಣ ಕಟ್ಟಿಗೆ, ಚೆಂದದ ಜಾಳಿಗೆ, ಸುತ್ತ ಗುಂಡುಕಲ್ಲು.

ಕಟಗಿ, ಜಾಳಗಿ ಎರಡೂ ಚಲೋ. ಕಲ್ಲು ಯಾವವು? ಹೊಳ್ಯಾಗಿನವು. ಒಳಗ ನೀರು ಕುಂತಿರತೈತಿ, ಹೊರಗ ಹೋಗಾಕ ದಾರಿ ಇರಂಗಿಲ್ಲ. ನೀರು ಹಬೆ ಆದ್ರ 1,600 ಪಟ್ಟಿಗೂ ಹೆಚ್ಚು ಹಿಗ್ಗತೈತಿ. ಕಲ್ಲು ಪಟಾಕಿ ಹಂಗ ಸಿಡೀತೈತಿ, ಸೀದಾ ಕಣ್ಣಿಗೆ. ತಮ್ಮನ್ನ ಇಟ್ಟದ್ದರ ಎಲ್ಲಿ? ಪ್ಲಾಸ್ಟಿಕ್ ಹುಲ್ಲಿನ ಮ್ಯಾಲ. ನೆತ್ತಿ ಮ್ಯಾಲ ಬಟ್ಟಿ ಚಪ್ಪರ, ಮಗ್ಗಲಾಗ ಗ್ಯಾಸಿನ ಪೈಪ್. ಸುತ್ತ ಹತ್ತು ಫೂಟರ ಬರೀ ನೆಲ ಇರಬೇಕು, ಮ್ಯಾಲ ಬರೀ ಆಕಾಶ. ನನ್ನ ನೋಡ್ರಿ, ಮಣ್ಣಿನ ಮ್ಯಾಲ ಕುಂತೀನಿ. ಇದಕ್ಕೇನು ಜಾಣತನ ಬೇಕಾಗಿಲ್ಲ, ಬಡತನ ಸಾಕು.

ನಿನ್ನೆ ಅಲ್ಲಿ ಬೆಂಕಿ ಹತ್ತಲಿಲ್ಲವೆಂದು ಸ್ಯಾನಿಟೈಸರ್ ಸುರಿದರಂತೆ.

ಕೇಳಿಸ್ತು. ಹೆಣ್ಮಕ್ಕಳು ಕೂಗಿದ್ದು ಗೇಟಿನತನಕ ಕೇಳಿಸ್ತು. ಸ್ಯಾನಿಟೈಸರ್ ಆಗ್ಲಿ, ಪೆಟ್ರೋಲ್ ಆಗ್ಲಿ, ಉರಿ ಧಾರಿ ಹಿಡಕೊಂಡು ಬಾಟ್ಲಿಗೇ ಬರತೈತಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲಾ ಹಿಡದು ಹರೀತೈತಿ, ನೀವು ಕಡ್ಡಿ ಕೊರೆಯೋದ್ರಾಗ ನಿಮ್ಮ ಕಾಲಾಗ ಬಂದು ಕುಂತಿರತೈತಿ. ಸಣ್ಣ ಚಕ್ಕಿ ಇಟ್ಟು ಊದಾಕ ಬರಲಿಲ್ಲಂದ್ರ ಬೆಂಕಿ ಉಸಾಬರಿ ಯಾಕ?

ನೀರಿನ ವ್ಯವಸ್ಥೆ? ಕಾತ್ರಜದಲ್ಲಿ ಕೆರೆಯೇ ಇದೆಯಲ್ಲ.

ಐತಿ. ನಾನಾಸಾಹೇಬ ಪೇಶ್ವೆ ಕಾಲದಾಗ ಇದೇ ಕೆರೀ ನೀರು ನೆಲದಡಿ ಕಾಲುವಿ ಹಿಡದು ಶನಿವಾರ ವಾಡಾತನಕ ಹೋಗ್ತಿತ್ತು. ಕಾರಂಜಿ ಇದ್ದ ಅರಮನಿ ಅದು. 1828ರ ಫೆಬ್ರವರಿ 27ಕ್ಕ ಬೆಂಕಿ ಬಿತ್ತು ನೋಡ್ರಿ, ಏಳು ದಿನ ಉರೀತು. ಇವತ್ತು ಹೋಗಿ ನೋಡಿದ್ರ ಗ್ವಾಡಿ, ಬಾಗಿಲಾ, ಅಡಿಪಾಯ ಅದಾವ. ಅದಕ್ಕ ಹೇಳ್ತೀನಿ, ನೀರು ಊರಾಗ ಇದ್ರ ಆಗಂಗಿಲ್ಲ, ಬಕೆಟಿನ್ಯಾಗ ಇರಬೇಕು, ಬಕೆಟ್ ಮಗ್ಗಲಾಗ ಇರಬೇಕು. ಇನ್ನೊಂದರಾಗ ಉಸುಕು.

ಚಳಿ ಹೆಚ್ಚಾದರೆ ಕಾಕಾ ನಿಮ್ಮನ್ನು ಕ್ಯಾಬಿನ್ನಿನೊಳಗೆ ಒಯ್ಯುತ್ತಾರೆಯೇ?

(ಇಲ್ಲಿ ಘಮೇಲಾ ತುಸು ಹೊತ್ತು ಸುಮ್ಮನಾಯಿತು. ಒಂದು ಕೆಂಡ ಕುಸಿಯಿತು.)

ಒಮ್ಮೆ ಒಯ್ದಿದ್ರು. ಉರಿ ಇಲ್ಲ, ಹೊಗಿ ಇಲ್ಲ, ಬರೀ ಕೆಂಡ, ಏನಾಗ್ತೈತಿ ಅಂದ್ರು. ಬಾಗಿಲಾ ಹಾಕ್ಕೊಂಡ್ರು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರತೈತ್ರಿ, ಬಣ್ಣಿಲ್ಲ, ವಾಸನಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅದನ್ನ ತಬ್ಬಿಕೊಳ್ತೈತಿ. ತಲಿ ಭಾರ ಆಗ್ತೈತಿ, ನಿದ್ದಿ ಬರತೈತಿ, ಆ ನಿದ್ದಿ ಮುಗಿಯಂಗಿಲ್ಲ. ಅವತ್ತು ಹಾಲಿನ ಗಾಡಿಯವ ಹಾರ್ನ್ ಹೊಡೀತಾ ಹೊಡೀತಾ ಬಾಗಿಲಾ ತಳ್ಳಿದ, ಅಷ್ಟಕ್ಕ ಕಾಕಾ ಇವತ್ತು ರೌಂಡಿಗೆ ಹೋಗ್ಯಾರ. ಇದರ ಮ್ಯಾಲ ಚ್ಯಾಷ್ಟಿ ಮಾಡಂಗಿಲ್ಲ ನಾನು.

ಕಾತ್ರಜದಿಂದ ಸಿಂಹಗಡಕ್ಕೆ ರಾತ್ರಿ ಗುಡ್ಡ ಹತ್ತುವ ಹುಡುಗರೂ ಅಲ್ಲಲ್ಲಿ ಬೆಂಕಿ ಹಾಕುತ್ತಾರೆ...

ಒಣಹುಲ್ಲಿನ ಗುಡ್ಡದ ಮ್ಯಾಲ! ನನ್ನಂಥಾ ತಳ ಒಡದ ಘಮೇಲಾನೂ ಇಲ್ದ! ಕಾಯ್ದಿಟ್ಟ ಅಡವಿಗೆ ಬೆಂಕಿ ಹಚ್ಚೋದು 1927ರ ಅರಣ್ಯ ಕಾಯಿದೆಯಿಂದಲೇ ಅಪರಾಧ. ಅವರ ಹುಲ್ಲುಗುಡ್ಡಕ್ಕ ನೋಟಿಸ್ ಹಚ್ಚಾಕ ಗೇಟಿಲ್ಲ, ಅದ ತ್ರಾಸು.

ಬೆಂಕಿ ಆರಿಸುವ ಕ್ರಮ?

ಮ್ಯಾಲ ಬೂದಿ, ಒಳಗ ಕೆಂಡ. ಮುಂಜಾನಿ ಝಾಡೂದವ್ರು ಆರೈತಿ ಅಂತ ಕಸದ ಡಬ್ಬಿಗೆ ಸುರೀತಾರ, ಹತ್ತಕ್ಕ ಡಬ್ಬಿ ಹೊಗಿ ಬಿಡತೈತಿ. ನೀರು ಹಾಕು, ಕೆದರು, ಮತ್ತ ಹಾಕು. ಕೈ ಹತ್ರ ಒಯ್ದ್ರ ಬಿಸಿ ತಗಲಬಾರದು. ಮತ್ತ ಯಾರಿಗರ ಸುಟ್ರ ಟೂತ್‌ಪೇಸ್ಟ್ ಹಚ್ಚಬ್ಯಾಡ್ರಿ, 20 ನಿಮಿಷ ನಳದ ನೀರು ಬಿಡ್ರಿ. ಸಾಹೇಬ್ರ, ಮಾತಿನಾಗ ಮುಂದ ಬಂದೀರಿ. ನಿಮ್ಮ ಜಾಕೀಟು ನೈಲಾನಿಂದು, ಕಿಡಿ ಬಿದ್ರ ಕರಗಿ ಚರ್ಮಕ್ಕ ಹತ್ತತೈತಿ. ಜರಾ ಹಿಂದ ಸರೀರಿ.

ಸರಿದೆ. ಅಷ್ಟರಲ್ಲಿ ಕಾಕಾ ರೌಂಡು ಮುಗಿಸಿ ಬಂದರು. ತಲೆಯ ಮೇಲೆ ದೊಡ್ಡದೊಂದು ರಟ್ಟಿನ ಡಬ್ಬಿ. ಫೈರ್ ಪಿಟ್ ಬಂದ ಡಬ್ಬಿ ಅದು, ಒಳಗೆ ಮೂಲೆಮೂಲೆಗೂ ಥರ್ಮಾಕೋಲ್. ‘ಟೆರೇಸಿನವ್ರು ಕೊಟ್ರಿ, ಶೇಕೋಟಿಗೆ ಹಾಕು ಅಂದ್ರು’ ಎಂದು ಕೆಳಗಿಳಿಸಿದರು. ಡಬ್ಬಿಯ ತಳದಲ್ಲಿ ಸುರಕ್ಷತಾ ಸೂಚನೆಗಳ ಪುಸ್ತಿಕೆಯಿತ್ತು. ಪ್ಲಾಸ್ಟಿಕ್ ಚೀಲವನ್ನೂ ಯಾರೂ ಒಡೆದಿರಲಿಲ್ಲ.

‘ಅದನ್ನಷ್ಟು ಇತ್ತಾಗ ಕೊಡ್ರಿ’ ಎಂದಿತು ಘಮೇಲಾ, ‘ಸುಡೋ ಮೊದಲ ಓದ್ತೀನಿ.’